ಟೆಂಪೋದಲ್ಲಿ ಬಂದ ಕಸಿ ಗಿಡಗಳು



ಇವತ್ತೂ ಉಳಿತಾಯ, ಸಾಲ ಮರುಪಾವತಿ ಅಂತ ಶುರು ಮಾಡ್ತೇವೆ ಎಂದು ನೀವು ಅಂದುಕೊಂಡಿರಬಹುದು. ಇಲ್ಲ. ನಮ್ಮ ಸಂಘ ಮೋಸ ಹೋದದ್ದನ್ನು ಹೇಳಲು ಬಂದಿದ್ದೇವೆ. ಹೇಳಲು ನಾಚಿಕೆಯೇ, ಆದರೆ ಅಂಥ ಟೆಂಪೋ ನಿಮ್ಮ ಊರಿಗೂ ಬರಬಹುದು.

ಮಳೆ ಶುರುವಾಗುವ ಸಮಯ. ಗಿಡ ತುಂಬಿದ ಟೆಂಪೋ ಮನೆ ಬಾಗಿಲಿಗೇ ಬಂತು. ಬಣ್ಣದ ಫೋಟೋಗಳ ಪುಸ್ತಕ, ಒಳ್ಳೆಯ ಮಾತು, 'ಅಕ್ಕಾ, ನಿಮಗೆ ಅಂತ ಕಡಿಮೆ ರೇಟು.' ಒಂದು ಪುಟ್ಟ ಮಾವಿನ ಗಿಡದಲ್ಲಿ ಮಿಡಿ ಬೇರೆ ನೇತಾಡುತ್ತಿತ್ತು. ಅದನ್ನು ನೂಲಿನಲ್ಲಿ ಕಟ್ಟಿದ್ದರೆಂದು ಗೊತ್ತಾದದ್ದು ಗಿಡ ನೆಟ್ಟ ಮೇಲೆ. ಅಷ್ಟರಲ್ಲಿ ಟೆಂಪೋ ಯಾವ ಊರು ದಾಟಿತ್ತೋ!

ಮಾವಿನದ್ದಾದರೂ ನಗುವ ವಿಷಯ. ಜಾಯಿಕಾಯಿಯದ್ದು ಹಾಗಲ್ಲ. 'ಕಸಿ ಗಿಡ, ಬೇಗ ಫಸಲು' ಎಂದಿದ್ದರು. ನಮ್ಮ ಸದಸ್ಯೆಯೊಬ್ಬರು ಅಡಿಕೆ ತೋಟದ ನಡುವೆ ಹಾಕಲು 12 ಗಿಡ ತೆಗೆದುಕೊಂಡರು. ಅದಕ್ಕೆ ಆಂತರಿಕ ಸಾಲ ಕೊಟ್ಟದ್ದು ನಾವೇ, ನಿರ್ಣಯ ಪುಸ್ತಕದಲ್ಲಿ ಎಲ್ಲರ ಸಹಿ ಇದೆ. ಅವರು ಬೀಡಿ ಕಟ್ಟಿ ಬಡ್ಡಿ ಸಮೇತ ಸಾಲ ತೀರಿಸಿದರು. ಏಳನೇ ವರ್ಷ ಹೂ ಬಂತು. 12ರಲ್ಲಿ 7 ಗಂಡು.

ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಕೊಡುವುದು ಹೆಣ್ಣು. ಬೀಜದಿಂದ ಹುಟ್ಟಿದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡೇ ಆಗುತ್ತವೆ, ಹೂ ಬಿಡುವ ತನಕ ನೋಡಿ ಹೇಳಲು ಬರುವುದಿಲ್ಲ. ಮೋಸ ಮಾಡುವವರಿಗೆ ಬೇಕಾದದ್ದೂ ಅದೇ: ಆರೇಳು ವರ್ಷ ಯಾರೂ ಕೇಳುವುದಿಲ್ಲ. ಹೆಣ್ಣು ಮರದ ಕುಡಿಯನ್ನು ಕಸಿ ಕಟ್ಟಿದ್ದರೆ ಮಾತ್ರ ಹೆಣ್ಣೆಂಬ ಭರವಸೆ. ನಮಗೆ ಕೊಟ್ಟದ್ದು ಬೀಜದ ಗಿಡಕ್ಕೆ ಸುಮ್ಮನೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದು.

ಆದ್ದರಿಂದ ಪಟ್ಟಿ ಬಿಚ್ಚಿ ನೋಡಿ. ಕಸಿ ಕಟ್ಟಿದಲ್ಲಿ ಗಂಟಿನಂತೆ ಉಬ್ಬು, ಓರೆ ಸೇರಿದ ಗುರುತು ಕಾಣುತ್ತದೆ. ಕಾಂಡ ಒಂದೇ ಸಮ ನುಣುಪಾಗಿದ್ದರೆ ಬಿಟ್ಟುಬಿಡಿ. ಗಂಟು ಇದ್ದರೂ ಕುಡಿ ಯಾವ ಮರದ್ದು ಎಂದು ಗಂಟು ಹೇಳುವುದಿಲ್ಲ ನೋಡಿ! ಅದಕ್ಕೇ ತಾಯಿಮರ ತೋರಿಸಬಲ್ಲ ನರ್ಸರಿಯಿಂದಲೇ ತರಬೇಕು. ತೋಟಗಾರಿಕೆ ಇಲಾಖೆಯ ನರ್ಸರಿಗಳಿವೆ, ಕೃಷಿ ವಿಜ್ಞಾನ ಕೇಂದ್ರಗಳಿವೆ, ಗೇರು ಕಸಿಗೆ ಪುತ್ತೂರಿನ ಗೇರು ಸಂಶೋಧನಾ ಕೇಂದ್ರವಿದೆ. ಬಸ್ಸಿನ ಖರ್ಚು ಆಗುತ್ತದೆ, ಆಗಲಿ.

ಬಿಲ್ ಕೇಳಲು ಸಂಕೋಚ ಬೇಡ. ತಳಿಯ ಹೆಸರು, 'ಕಸಿ' ಎಂಬ ಮಾತು, ಮಾರಿದವರ ವಿಳಾಸ ಅದರಲ್ಲಿರಲಿ. ಬೀಜ ಖರೀದಿಸಿದ ರೈತರೂ ಗ್ರಾಹಕರೇ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಗ್ರಾಹಕರ ಆಯೋಗಕ್ಕೆ ಹೋಗಲು ಕೈಯಲ್ಲಿ ಕಾಗದ ಬೇಕಲ್ಲ? ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ.

ಈಗ ನಮ್ಮ ಸಂಘದಲ್ಲಿ ಗಿಡಕ್ಕೆ ಸಾಲ ಕೇಳಿದರೆ ಮೊದಲು ನರ್ಸರಿಯ ಬಿಲ್ ನೋಡುತ್ತೇವೆ. ಗಂಡು ಮರಗಳನ್ನು ಕಡಿಯಲು ಹೊರಟಿದ್ದ ಆ ಸದಸ್ಯೆಯನ್ನು ನಾವು ತಡೆದೆವು. ಪರಾಗಕ್ಕೆ ಹತ್ತು ಹೆಣ್ಣಿಗೆ ಒಂದು ಗಂಡು ಸಾಕು. ಉಳಿದ ಗಂಡು ಮರಗಳನ್ನು ಸವರಿ, ಹೊಸ ಚಿಗುರಿಗೆ ಹೆಣ್ಣು ಮರದ ಕುಡಿ ಕಸಿ ಕಟ್ಟಬಹುದು. ಕಸಿ ತಿಳಿದವರನ್ನು ಕರೆಸಿ ಆರು ಮರಗಳಿಗೆ ಕಟ್ಟಿಸಿದೆವು. ನಾಲ್ಕು ಹಿಡಿದಿವೆ.