ಮೋಟಾರು ವಿಮೆ: ಯಾರಿಗೆ ರಕ್ಷೆ?

ಕಾರುಳ್ಳ ಗೃಹಸ್ಥರು ‘ವಿಮೆ ಇದೆ’ ಎಂದು ನಿಶ್ಚಿಂತರಾಗಿರುವುದುಂಟು. ಯಾವ ವಿಮೆ ಎಂಬುದೇ ಪ್ರಶ್ನೆ. 1988ರ ಮೋಟಾರು ವಾಹನಗಳ ಕಾಯಿದೆ ಕಡ್ಡಾಯ ಮಾಡಿರುವುದು ಮೂರನೆಯವರ ವಿಮೆಯನ್ನು ಮಾತ್ರ. ವಿಮೆ ಮಾಡಿಸಿದ ನೀವು ಮೊದಲನೆಯವರು, ಕಂಪನಿ ಎರಡನೆಯದು, ನಿಮ್ಮ ಗಾಡಿ ತಗುಲಿ ನೊಂದ ದಾರಿಹೋಕ ಮೂರನೆಯವನು. ನಮ್ಮ ವ್ಯಾಕರಣದಲ್ಲಿ ‘ಅವನು’ ಎಂಬುದು ಪ್ರಥಮಪುರುಷ. ಕಾಯಿದೆಯೂ ಅವನನ್ನೇ ಮೊದಲು ಕಾಯುತ್ತದೆ. ಮರ ಬಿದ್ದು ನಿಮ್ಮದೇ ಕಾರು ಜಜ್ಜಿಹೋದರೆ, ಇಲ್ಲವೆ ಕಳವಾದರೆ, ಆ ಪತ್ರದಿಂದ ಕಾಸೂ ಹುಟ್ಟದು. ಅದಕ್ಕೆ ಸ್ವಂತ ಹಾನಿಯ ವಿಮೆ ಬೇರೆ ಬೇಕು.

ಮೂರನೆಯವರ ವಿಮೆಯ ಕಂತನ್ನು ಎಂಜಿನ್ನಿನ ಗಾತ್ರ ನೋಡಿ ಸರ್ಕಾರವೇ ಗೊತ್ತುಮಾಡುತ್ತದೆ. ಅಲ್ಲಿ ಚೌಕಾಸಿಗೆ ಎಡೆಯಿಲ್ಲ. ಸ್ವಂತ ಹಾನಿಯ ಕಂತು ಕಂಪನಿಯಿಂದ ಕಂಪನಿಗೆ ಬೇರೆ. ಕಾರಿನ ಬೆಲೆ, ವಯಸ್ಸು, ಊರುಗಳನ್ನೂ ಅನುಸರಿಸುತ್ತದೆ. ಕಂತು ಇಳಿಯಲೆಂದು ಕಾರಿನ ಬೆಲೆಯನ್ನು ಕಡಿಮೆ ಬರೆಸುವವರಿದ್ದಾರೆ. ಕಳವಾದಾಗ ಕೈಗೆ ಬರುವುದೂ ಆ ಕಡಿಮೆ ಬೆಲೆಯೇ. ಇದು ಜಾಣತನವೆಂದು ನನಗೆ ತೋರುವುದಿಲ್ಲ.

ಪರಿಹಾರ ಕೇಳದೆ ಒಂದು ವರ್ಷ ಕಳೆದರೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 20, ಐದು ವರ್ಷ ಕಳೆದರೆ 50 ರಿಯಾಯಿತಿ. ಆದ್ದರಿಂದ ಸಣ್ಣ ಗೀರಿಗೆ ಪರಿಹಾರ ಕೇಳುವ ಮುನ್ನ ಲೆಕ್ಕ ಹಾಕಿ. ಈ ರಿಯಾಯಿತಿ ಕಾರಿಗಲ್ಲ, ಒಡೆಯನಿಗೆ ಸೇರಿದ್ದು. ಹಳೆಯದನ್ನು ಮಾರಿ ಹೊಸದನ್ನು ಕೊಂಡಾಗ ಕೇಳಿ ಪಡೆಯಿರಿ. ಅವಧಿ ಮುಗಿದ 90 ದಿನಗಳೊಳಗೆ ವಿಮೆಯನ್ನು ನವೀಕರಿಸದಿದ್ದರೆ ಮಾತ್ರ ಅದು ಹೋಯಿತೆಂದೇ ತಿಳಿಯಿರಿ.