ವಿಶ್ವವಿದ್ಯಾನಿಲಯದ ವಿದ್ಯುತ್ತು ಮತ್ತು ನಾವು
(ಕಾರ್ಮಿಕರು, ಚಿಕ್ಕ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ವಿಶ್ವವಿದ್ಯಾನಿಲಯದ ಕರೆಂಟಿನ ಮಾತು ನಮಗೇಕೆ ಎಂದು ನೀವು ಕೇಳಬಹುದು. ಅಲ್ಲಿ ಓದುವವರು ನಮ್ಮ ಮಕ್ಕಳು, ಕಂಬ ಹತ್ತುವವರು ನಮ್ಮ ತಮ್ಮಂದಿರು, ಖರ್ಚಾಗುವುದು ನಮ್ಮ ತೆರಿಗೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ, ಅಂದರೆ ವಿಲಾಯಿತಿ ಕಂಪನಿಯ ಲಾಭಕ್ಕೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಯಾರಿಗೆ ಮೊದಲು ಎಂಬುದನ್ನು ನೀರು ತೀರ್ಮಾನಿಸಲಿಲ್ಲ, ದೊರೆತನ ತೀರ್ಮಾನಿಸಿತು.

ಮೈಸೂರಿನ ಮಾನಸಗಂಗೋತ್ರಿ ಶುರುವಾದದ್ದು 1960ರಲ್ಲಿ. ಆ ಕಾಲದಲ್ಲಿ ಕಾಲೇಜಿನ ಕಟ್ಟಡಕ್ಕೆ ತಂತಿ ಎಳೆಯುವಾಗ ದೀಪ, ಫ್ಯಾನುಗಳದೇ ಲೆಕ್ಕ. ಒಂದು ಫ್ಯಾನಿಗೆ ಸುಮಾರು 75 ವ್ಯಾಟ್ ಸಾಕು. ಈಗಿನ ಒಂದೂವರೆ ಟನ್ನಿನ ಏಸಿಗೆ ಸುಮಾರು 1500 ವ್ಯಾಟ್ ಬೇಕು. ಒಂದು ಯಂತ್ರ ಇಪ್ಪತ್ತು ಫ್ಯಾನುಗಳ ಪಾಲನ್ನು ನುಂಗಿತು! ಇದರ ಮೇಲೆ ಕಂಪ್ಯೂಟರು, ಪ್ರಯೋಗಶಾಲೆಯ ಫ್ರೀಜರು.

ಗಿರಣಿಯ ಮೋಟಾರು ಬಲ್ಲವರಿಗೆ ಮುಂದಿನದು ಹೊಸದಲ್ಲ. ಅದೇ ತಂತಿಯಲ್ಲಿ ಆಂಪಿಯರು ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುತ್ತದೆ. ಹೊದಿಕೆ ಒಣಗಿ ಸೀಳುತ್ತದೆ. ಫ್ಯೂಸು ಹೋದಾಗ ದಪ್ಪ ತಂತಿ ಕಟ್ಟಿ “ಹೇಗೋ ನಡೆಸಿ” ಎನ್ನುವ ಮೇಲಧಿಕಾರಿ ಎಲ್ಲ ಕಡೆಯೂ ಇದ್ದಾನೆ; ಬೆಂಕಿ ಬಿದ್ದ ದಿನ ಮಾತ್ರ ಅವನು ರಜೆಯ ಮೇಲಿರುತ್ತಾನೆ.

ಆದ್ದರಿಂದ ಹೊಸ ವ್ಯವಸ್ಥೆ ಬೇಕೇ ಬೇಕು. 1000 ಕಿಲೋವ್ಯಾಟನ್ನು 400 ವೋಲ್ಟಿನಲ್ಲಿ, 0.9 ಪವರ್ ಫ್ಯಾಕ್ಟರಿನಲ್ಲಿ ಸಾಗಿಸಲು ಸುಮಾರು 1600 ಆಂಪಿಯರು ಹರಿಯಬೇಕು. 11,000 ವೋಲ್ಟಿನಲ್ಲಾದರೆ 58 ಸಾಕು. 11,000 ವೋಲ್ಟಿನ ಕೇಬಲನ್ನು ಆವರಣದೊಳಕ್ಕೇ ತಂದು, ಕಟ್ಟಡಗಳ ಬಳಿ ಟ್ರಾನ್ಸ್‌ಫಾರ್ಮರು ಇಟ್ಟರೆ ದಾರಿಯಲ್ಲಿ ಕಾವಾಗಿ ಹೋಗುವ ವಿದ್ಯುತ್ತು ಉಳಿಯುತ್ತದೆ. ಕೇಬಲನ್ನು ಉಂಗುರದಂತೆ ಸುತ್ತು ಕಟ್ಟಿದರೆ ಒಂದು ಕಡೆ ಕೆಟ್ಟಾಗ ಇನ್ನೊಂದು ಕಡೆಯಿಂದ ಕೊಡಬಹುದು. ಇದಕ್ಕೆ ನಮ್ಮ ವಿರೋಧವಿಲ್ಲ.

ಆದರೆ ಇಂಥ ಅಂದಾಜುಪಟ್ಟಿಗಳನ್ನು ಓದಿ ನೋಡಿ. ಟ್ರಾನ್ಸ್‌ಫಾರ್ಮರಿಗೆ ಒಂದು ಸಾಲು, ಕೇಬಲಿಗೆ ಒಂದು ಸಾಲು, ಜನರೇಟರಿಗೆ ಒಂದು ಸಾಲು. ಅದನ್ನು ಕಾಯುವ ಮನುಷ್ಯ ಯಾವ ಸಾಲಿನಲ್ಲಿದ್ದಾನೆ? ಅವನನ್ನು ಗುತ್ತಿಗೆದಾರ ತರುತ್ತಾನೆ, ಗುತ್ತಿಗೆ ಮುಗಿದ ದಿನ ಕಳಿಸುತ್ತಾನೆ. ಯಾವ ಸ್ವಿಚ್ಚು ಯಾವ ಕಟ್ಟಡದ್ದು ಎಂಬ ತಿಳಿವಳಿಕೆಯೂ ಅವನೊಂದಿಗೇ ಹೋಗುತ್ತದೆ. ಮುಟ್ಟುವ ಮೊದಲು ಲೈನು ಕಡಿಯಬೇಕು, ಸ್ವಿಚ್ಚಿಗೆ ಬೀಗ ಹಾಕಬೇಕು, ಪರೀಕ್ಷಿಸಬೇಕು, ಅರ್ತ್ ಮಾಡಬೇಕು. ಇಲ್ಲದಿದ್ದರೆ “ಲೈನು ಸತ್ತಿದೆ” ಎಂದು ಕೈಯಿಟ್ಟಾಗ, ಆಚೆ ಕಟ್ಟಡದ ಜನರೇಟರು ತಪ್ಪು ಜೋಡಣೆಯಿಂದ ಅದೇ ತಂತಿಗೆ ಹಿಮ್ಮುಖವಾಗಿ ಕರೆಂಟು ಕೊಡುತ್ತಿರಬಹುದು. 2003ರ ವಿದ್ಯುತ್ ಕಾಯಿದೆಯ 161ನೇ ಕಲಮು ಅಪಘಾತದ ವರದಿ, ವಿಚಾರಣೆಗಳನ್ನು ಹೇಳುತ್ತದೆ. ಅದು ಸತ್ತ ಮೇಲಿನ ಮಾತು. ನಮಗೆ ಬೇಕಾದದ್ದು ಅದಕ್ಕೆ ಮುಂಚಿನದು: ಖಾಯಂ ನೌಕರಿ, ತರಬೇತಿ, ಕೈಗವಸು, ಒಬ್ಬನನ್ನೇ ಕಳಿಸಬಾರದೆಂಬ ಕಟ್ಟಳೆ.

ಕೆಲಸದ ದಿನಗಳಲ್ಲಿ ಕರೆಂಟು ತೆಗೆಯುವುದಾದರೆ ಗೇಟಿನ ಮುಂದಿನ ಜೆರಾಕ್ಸ್ ಅಂಗಡಿಗೂ ಚಹದಂಗಡಿಗೂ ವಾರ ಮುಂಚೆ ತಿಳಿಸಲಿ. ಖರ್ಚನ್ನು ಹುಡುಗರ ಫೀಜಿನ ಮೇಲೆ ಹೇರುವುದು ಬೇಡ, ಸರ್ಕಾರ ಕೊಡಲಿ. ಟೆಂಡರು ಕರೆಯುವ ಮೊದಲು ಅಂದಾಜುಪಟ್ಟಿಯನ್ನು ಕನ್ನಡದಲ್ಲಿ ಬರೆಸಿ ಗೇಟಿನ ಬೋರ್ಡಿಗೆ ಹಾಕಲಿ. ಈ ಮೂರನ್ನೂ ಮನವಿಯಲ್ಲಿ ಬರೆದಿದ್ದೇವೆ. ಕಾಗದ ಹೊರಗಿನ ಮೇಜಿನ ಮೇಲಿದೆ, ರುಜು ಹಾಕಿ ಹೋಗಿರಿ.