ಪಹಣಿಯ ಪಾಪ ಯಾರದು?

(ಶ್ರಾವಣ ಮಾಸದಲ್ಲಿ ಕಮಲಾಪುರ ಭಾಗದ ಭಕ್ತರ ಸಮ್ಮುಖದಲ್ಲಿ ನೀಡಿದ ಆಶೀರ್ವಚನ)



ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕು ಪುರುಷಾರ್ಥಗಳನ್ನು ನೀವೆಲ್ಲ ಕೇಳಿ ಬಲ್ಲಿರಿ. ಧರ್ಮವು ಮೊದಲು, ಅರ್ಥವು ಅನಂತರ. ಧರ್ಮವು ಅರ್ಥವನ್ನು ಆಳಬೇಕು ಎಂದು ನಾವು ಸಂಸ್ಕೃತ ಪಾಠಶಾಲೆಯಲ್ಲಿ ಓದಿದೆವು. ಆದರೆ ಲೋಕದಲ್ಲಿ ಎಷ್ಟೋ ಸಲ ಅರ್ಥವೇ ಧರ್ಮವನ್ನು ಆಳುತ್ತದೆ. ಇದನ್ನು ನಮಗೆ ಕಲಿಸಿದವನು ಪಂಡಿತನಲ್ಲ. ನಾಲ್ಕು ಎಕರೆ ಹೊಲದ ಒಬ್ಬ ಒಕ್ಕಲುಮಗ.

ನಮ್ಮ ಕಲಬುರಗಿಯು ತೊಗರಿಯ ಕಣಜ. 2015ರಲ್ಲಿ ತೊಗರಿಯ ಧಾರಣೆ ಕ್ವಿಂಟಲಿಗೆ 10,000 ರೂಪಾಯಿ ದಾಟಿತು. ಆ ಆಸೆಯಿಂದ ಮರುವರ್ಷ ರೈತರು ಹೆಚ್ಚು ಹೆಚ್ಚು ತೊಗರಿ ಬಿತ್ತಿದರು. ಬೆಳೆಯೂ ಬಂದಿತು, ರಾಶಿ ಏರಿದಂತೆ ಧಾರಣೆ ಇಳಿಯಿತು. ಸರ್ಕಾರವು ಬೋನಸ್ಸು ಸೇರಿಸಿ 5,050 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿ ಖರೀದಿ ಕೇಂದ್ರಗಳನ್ನು ತೆರೆಯಿತು. ಪೇಟೆಯಲ್ಲಿ ಅದಕ್ಕಿಂತ ಕಡಿಮೆ. ಈ ಎರಡು ಬೆಲೆಗಳ ನಡುವಿನ ಸಂದಿಯಲ್ಲಿಯೇ ಪಾಪವು ನುಸುಳಿತು.

ಆ ಒಕ್ಕಲುಮಗನು ಸಾಲಗಾರ. ರಾಶಿಯಾದ ಮರುದಿನವೇ ಸಾಲ ಕೊಟ್ಟವರಿಗೆ ಅಗ್ಗದ ದರದಲ್ಲಿ ತೊಗರಿ ಅಳೆದುಕೊಟ್ಟನು. ಸರದಿಯಲ್ಲಿ ಕಾಯಲು ಅವನ ಮನೆಯಲ್ಲಿ ಕಾಳಿಲ್ಲ, ಕೈಯಲ್ಲಿ ಕಾಸಿಲ್ಲ. ಕೆಲ ದಿನಗಳ ಮೇಲೆ ಅವರು ಇವನ ಪಹಣಿಯನ್ನೂ ಕೇಳಿದರು. ಇವನ ತೊಗರಿ ಇವನ ಹೆಸರಿನಲ್ಲಿಯೇ ಕೇಂದ್ರಕ್ಕೆ ಹೋಯಿತು. ಲಾಭ ಮಾತ್ರ ಬೇರೆಯವರ ಪೆಟ್ಟಿಗೆ ಸೇರಿತು. ಸುಳ್ಳು ರುಜುವಿಗೆ ಇವನಿಗೆ ಸಿಕ್ಕಿದ್ದು ಐದುನೂರು ರೂಪಾಯಿ.

ಮಠಕ್ಕೆ ಬಂದು ಕಣ್ಣೀರಿಟ್ಟನು. "ಸುಳ್ಳಿಗೆ ಏಕೆ ರುಜು ಹಾಕಿದೆಯಪ್ಪಾ?" ಎಂದು ನಾವು ಕೇಳಿದೆವು. ಅವನು ಹೇಳಿದನು: "ಅಪ್ಪಾವ್ರೇ, ನಂದು ತಪ್ಪು ಖರೇ ಅದ. ಆದ್ರ ನಾಳಿ ಬೀಜಕ್ಕ ಅವರ ಬಾಗಿಲಿಗೇ ಹೋಗಬೇಕು. ಇಲ್ಲ ಅಂತ ಹ್ಯಾಂಗ ಅನ್ಲಿ? ಮೊನ್ನೆ ಜಾತ್ರ್ಯಾಗ ನೀವೇ ಅವರಿಗೆ ಶಾಲು ಹೊಚ್ಚಿದ್ರಿ."

ಭಕ್ತರೇ, ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಶಾಲು ಹೊದಿಸಿದ ಕೈ ನಮ್ಮದೇ. ದಾಸೋಹಕ್ಕೆ ಬಂದ ಚೀಲಗಳನ್ನು ಎಣಿಸಿದೆವು. ಬಂದ ದಾರಿಯನ್ನು ವಿಚಾರಿಸಲಿಲ್ಲ.

ಆಯ್ದಕ್ಕಿ ಲಕ್ಕಮ್ಮ ತಾಯಿಯ ಕಥೆ ನಿಮಗೆ ಗೊತ್ತಿದೆ. ಕಲ್ಯಾಣದಲ್ಲಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ, ಇದು ನಮ್ಮದಲ್ಲ, ಇದ್ದಲ್ಲಿಯೇ ಸುರಿದು ಬಾ ಎಂದಳು. ಈ ಕಥೆಯನ್ನು ನಾವು ಬಡವರಿಗೆ ಬಹಳ ಹೇಳಿದ್ದೇವೆ: ಲಕ್ಕಮ್ಮನಂತೆ ಇರಿ, ಆಸೆಪಡಬೇಡಿ ಎಂದು. ಆದರೆ ಲಕ್ಕಮ್ಮನು ಯಾರ ಋಣದಲ್ಲಿಯೂ ಇರಲಿಲ್ಲ ಎಂಬುದನ್ನು ಮರೆತೆವು. ಅಂದಿನ ಕಾಯಕ ಅಂದಿನ ಊಟಕ್ಕೆ ಸಾಲುತ್ತಿತ್ತು. ಆದುದರಿಂದ ಬೇಡವೆನ್ನುವ ನಾಲಗೆ ಅವಳಿಗೆ ಸ್ವತಂತ್ರವಾಗಿತ್ತು. ಋಣದಲ್ಲಿರುವವನ ನಾಲಗೆ ಕಟ್ಟಿರುತ್ತದೆ. ಅದನ್ನು ಕಟ್ಟಿದವನೇ "ಇವನು ಸುಳ್ಳುಗಾರ" ಎಂದರೆ ಅದು ಎಂಥ ನ್ಯಾಯ?

ಹಾಗೆಂದು ಬಡತನವು ಸುಳ್ಳಿಗೆ ಪರವಾನಗಿ ಎಂದು ಯಾರೂ ತಿಳಿಯಬಾರದು. ಆ ರೈತನೇ ತನ್ನ ತಪ್ಪನ್ನು ತಪ್ಪೆಂದು ಒಪ್ಪಿದನು. ಆದರೆ ಹಸಿದವನ ತಪ್ಪಿಗೂ ಉಂಡವನ ತಪ್ಪಿಗೂ ತೂಕ ಒಂದೇ ಅಲ್ಲ. ಬೇಡವೆನ್ನಲು ಬಲವಿದ್ದವನು ಬೇಡವೆನ್ನದಿದ್ದರೆ ಅದೇ ದೊಡ್ಡ ಪಾಪ. ಲಕ್ಕಮ್ಮನ ಕಥೆಯನ್ನು ಇನ್ನು ಮುಂದೆ ಮೊದಲು ಉಳ್ಳವರು ಕೇಳಬೇಕು, ಮಠವೂ ಕೇಳಬೇಕು.

ಅಂದಿನಿಂದ ನಮ್ಮ ಮಠದಲ್ಲಿ ಕಾಣಿಕೆಯ ಮೊತ್ತ ನೋಡಿ ಶಾಲು ಹೊದಿಸುವುದನ್ನು ಬಿಟ್ಟಿದ್ದೇವೆ. ಒಂದು ಪಡಿ ಜೋಳ ತಂದವನಿಗೂ ನೂರು ಚೀಲ ತಂದವನಿಗೂ ಒಂದೇ ಪಂಕ್ತಿ, ಒಂದೇ ವಿಭೂತಿ. ನೀವೂ ಒಂದು ಮಾತು ನಡೆಸಿಕೊಡಿರಿ. ಸಾಲ ಕೊಟ್ಟವರು ರೈತನ ಪಹಣಿಯನ್ನು ಕೇಳಬೇಡಿರಿ. ಕೂಲಿಯನ್ನು ಅಂದಿನ ಸಂಜೆಯೇ ಕೊಡಿರಿ. ಬಿತ್ತಿಗೆಯ ಕಾಲದಲ್ಲಿ ಬೀಜಕ್ಕಾಗಿ ಬಂದವನನ್ನು ರಾಶಿಯ ಕಾಲದಲ್ಲಿ ಹಿಂಡಬೇಡಿರಿ. ಅಷ್ಟು ಮಾಡಿದರೆ ಸತ್ಯವನ್ನು ಹೇಳಿರೆಂದು ಬಡವರಿಗೆ ಉಪದೇಶಿಸುವ ಯೋಗ್ಯತೆ ನಮಗೆಲ್ಲರಿಗೂ ಬರುತ್ತದೆ.

ಆ ಯೋಗ್ಯತೆಯನ್ನು ಬಸವಾದಿ ಶರಣರು ನಮಗೆ ದಯಪಾಲಿಸಲಿ ಎಂದು ಹಾರೈಸಿ ಈ ಮಾತುಗಳಿಗೆ ಮಂಗಳ ಹಾಡುತ್ತೇವೆ.